ಬೂಟು ಬಿಚ್ಚಿಸಿದ ನೆಲ

ಅಕ್ಕನ ಜೊತೆ ಎಲ್ಲಿಗೇ ಹೊರಟರೂ ಅಪ್ಪ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ. ಇಳಕಲ್ಲಿನ ಮಾರುಕಟ್ಟೆಯಿರಲಿ, ಬಸ್‌ಸ್ಟ್ಯಾಂಡ್ ಇರಲಿ, ಹುನಗುಂದದಲ್ಲಿದ್ದ ಅವ್ವನ ತವರುಮನೆಯಿರಲಿ, ಅವನು ಮುಂದೆ, ನಾನು ಅವ್ವ ಅಕ್ಕ ಹಿಂದೆ. ನೋಡಿದವರು ಗಂಡಸಿನ ಗತ್ತು ಅಂದುಕೊಳ್ಳುತ್ತಿದ್ದರು. ಗತ್ತು ಅವನ ಹತ್ತಿರ ಹುಡುಕಿದರೂ ಸಿಗುತ್ತಿರಲಿಲ್ಲ. ಅಕ್ಕ ಕುಂಟುತ್ತಾಳೆ, ಅದನ್ನು ಅವನ ಕೈಲಿ ನೋಡಲಾಗುತ್ತಿರಲಿಲ್ಲ, ಅಷ್ಟೇ. ಮನೆಯಲ್ಲಿಯೂ ಅವಳು ಕೂತಿದ್ದಾಗ ಹರಟೆ, ನಗು, ಜಗಳ ಎಲ್ಲ ನಡೆಯುತ್ತಿತ್ತು. ಅವಳು ಗೋಡೆ ಹಿಡಿದು ಏಳಲು ಹೊರಟಳೆಂದರೆ ಅಪ್ಪನಿಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಗಿಬಿಡುತ್ತಿತ್ತು.

ಈಗ ನಾನು ಬಾಗಲಕೋಟೆಯ ನವನಗರದಲ್ಲಿ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತೇನೆ. ದೇಶದ ತಂಡದಲ್ಲಿ ಆಡಲು ಹೋದದ್ದರ ಬಗ್ಗೆ ಹೇಳಿರಿ ಮೇಡಂ ಎಂದು ಅವರು ಗಂಟುಬೀಳುತ್ತಾರೆ. ಅವರಿಗೆ ವಿಮಾನ ಬೇಕು, ಹೋಟೆಲಿನ ಊಟ ಬೇಕು, ಎದೆಯ ಮೇಲೆ ದೇಶದ ಹೆಸರಿದ್ದ ಅಂಗಿ ಬೇಕು. ನನಗೆ ಹೇಳಲು ಶುರುಮಾಡಿದರೆ ಕಲ್ಲಿನ ನೆಲದಿಂದಲೇ ಶುರುವಾಗುತ್ತದೆ. ಅಷ್ಟರಲ್ಲಿ ಅವರಿಗೆ ಬೇಜಾರು, ನನಗೆ ಸಿಟ್ಟು. ನನ್ನ ಸಿಟ್ಟು ಯಾವತ್ತೂ ಮೂಗಿನ ತುದಿಯಲ್ಲೇ ಇರುತ್ತದೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ಅಪ್ಪ ಇಳಕಲ್ಲಿನ ಒಂದು ಗ್ರಾನೈಟ್ ಘಟಕದಲ್ಲಿ ಪಾಲಿಶ್ ಕೆಲಸ ಮಾಡುತ್ತಿದ್ದ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ರೊಟ್ಟಿ ಕಟ್ಟಿಕೊಂಡು ಹೋದರೆ ಸಂಜೆ ತಲೆಯಿಂದ ಕಾಲಿನತನಕ ಬೂದುಬಣ್ಣದ ರಾಡಿ ಮೆತ್ತಿಕೊಂಡು ಬರುತ್ತಿದ್ದ. ಘಟಕದ ಮಾಲಕರು ಊರಿನ ಹಳೆಯ ಮುಸಲ್ಮಾನ ಮನೆತನದವರು. ನಾವು ಚಾಚಾ ಎಂದು ಕರೆಯುತ್ತಿದ್ದೆವು. ನಾವು ಓದುತ್ತಿದ್ದ ಶಾಲೆಯ ಮೈದಾನದಲ್ಲಿ ಮಣ್ಣಿನ ಬ್ಯಾಸ್ಕೆಟ್‌ಬಾಲ್ ಅಂಕಣವಿತ್ತು. ಮಳೆ ಬಂದರೆ ಕೆಸರು, ಬಿಸಿಲಿಗೆ ಧೂಳು. ಅಲ್ಲಿ ಅಕ್ಕ ಆಡುವುದನ್ನು ಚಾಚಾ ಒಮ್ಮೆ ನಿಂತು ನೋಡಿದರಂತೆ. ಇಂಥ ಹುಡುಗಿ ಮಣ್ಣಿನಲ್ಲಿ ಯಾಕೆ ಆಡಬೇಕು ಎಂದು, ಗೆರೆ ಬಿದ್ದಿದೆಯೆಂದು ಹೊರದೇಶಕ್ಕೆ ಹೋಗದೆ ಉಳಿದಿದ್ದ ಕೆಂಪು ಕಲ್ಲಿನ ಹಾಸುಗಳನ್ನೆಲ್ಲ ಶಾಲೆಗೆ ಕೊಟ್ಟುಬಿಟ್ಟರು. ಕೊಟ್ಟದ್ದು ಒರಟು ಕಲ್ಲು. ಅದನ್ನು ಹಾಗೆಯೇ ಹಾಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಮಗಳು ಆಡುವ ನೆಲ ಒರಟಾಗಿರುವುದೇ ಎಂದು ಅಪ್ಪ ಕೆಲಸ ಮುಗಿದ ಮೇಲೆ ದಿನವೂ ಉಳಿದು, ಒಂದೊಂದು ಹಾಸನ್ನೂ ಕನ್ನಡಿಯಾಗುವವರೆಗೆ ತಿಕ್ಕಿದ. ಕಲ್ಲನ್ನು ತಿಕ್ಕಿ ಹೊಳೆಯಿಸುವ ಊರು ನಮ್ಮದು. ಹೊಳೆಯಬಾರದು ಎಂದು ಯಾರಿಗೂ ಹೊಳೆಯಲಿಲ್ಲ.

ಅಂಕಣ ಸಿದ್ಧವಾದ ದಿನ ಊರಿನ ಮಂದಿ ನೋಡಲು ಬಂದರು. ಬಂದವರು ಬಂದವರೇ ಚಪ್ಪಲಿ ಅಂಚಿನಲ್ಲಿ ಬಿಟ್ಟು ಮೇಲೆ ಹತ್ತಿದರು. ಹೊಳೆಯುವ ಕಲ್ಲು ಕಂಡರೆ ಚಪ್ಪಲಿ ಬಿಡುವುದು ನಮ್ಮ ಕಾಲಿಗೆ ತಾನಾಗಿ ಬರುತ್ತದೆ, ಯಾರೂ ಹೇಳಬೇಕಿಲ್ಲ. ಹೆಂಗಸರು ಬಗ್ಗಿ ನೆಲದಲ್ಲಿ ಮುಖ ನೋಡಿಕೊಂಡರು. ಅಪ್ಪ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಅವನು ಅಷ್ಟು ಸಂತೋಷವಾಗಿದ್ದದ್ದನ್ನು ಅದಕ್ಕೂ ಮೊದಲು ನಾನು ನೋಡಿರಲಿಲ್ಲ, ಆಮೇಲೆ ಬಹಳ ವರ್ಷ ನೋಡಲೂ ಇಲ್ಲ.

ಅಕ್ಕ ಬೂಟು ಹಾಕಿಕೊಂಡು ಚೆಂಡು ಹಿಡಿದು ಬಂದಳು. ಅಪ್ಪ ಕೈ ಅಡ್ಡ ಹಿಡಿದ.

"ಬೂಟು ಬಿಚ್ಚವ್ವಾ. ಉಸುಕು ಹತ್ತಿರತೈತಿ, ಗೆರಿ ಬೀಳ್ತಾವ."

"ಕಾಲ್ಚೀಲದಾಗ ಆಡ್ಲೇನು?"

"ಆಡು. ಕಾಲಿಗೂ ಮೆತ್ತಗಿರತೈತಿ."

ಅವಳು ಬೂಟು ಬಿಚ್ಚಿ ಚಪ್ಪಲಿಗಳ ಸಾಲಿನಲ್ಲಿ ಜೋಡಿಸಿಟ್ಟಳು. ಚೆಂಡನ್ನು ಪುಟಿಸುತ್ತ ಓಡಿದಳು, ಬುಟ್ಟಿಯ ಹತ್ತಿರ ಹೋಗಿ ಯಾವಾಗಲೂ ತಿರುಗುವ ಹಾಗೆ ಗಕ್ಕನೆ ಬಲಗಾಲು ಊರಿ ತಿರುಗಿದಳು. ಕಾಲು ನಿಲ್ಲಲಿಲ್ಲ. ಬಿದ್ದ ಸದ್ದು ದೊಡ್ಡದೇನಿರಲಿಲ್ಲ. ಚೆಂಡು ತಾನೊಂದೇ ಪುಟಿಯುತ್ತ ಅಂಚಿನವರೆಗೆ ಹೋಗಿ ಚಪ್ಪಲಿಗಳ ನಡುವೆ ನಿಂತಿತು. ಬಾಗಲಕೋಟೆಯ ದವಾಖಾನೆಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು, ಮತ್ತೊಮ್ಮೆ ಆಯಿತು. ಕಾಲು ಪೂರ್ತಿ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದರು. ಅವರು ಹೇಳಿದ ಹಾಗೆಯೇ ಆಯಿತು.

ಮನೆಯಲ್ಲಿ ಯಾರೂ ಅಪ್ಪನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಅವನೂ ಒಂದು ಮಾತು ಆಡಲಿಲ್ಲ. ಅವ್ವ ಇಳಕಲ್ ಸೀರೆ ನೇಯುತ್ತಿದ್ದಳು. ಗುಂಡಿ ಮಗ್ಗ ತುಳಿಯಲು ಎರಡೂ ಕಾಲು ಬೇಕು, ಅಕ್ಕನಿಗೆ ಅದು ಆಗುವಂತಿರಲಿಲ್ಲ. ನಮ್ಮ ಕಡೆಯ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದೆಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಅಕ್ಕ ಕಾಲು ಚಾಚಿ ಕೂತು ಆ ಕೊಂಡಿ ಹಾಕುವುದನ್ನು ಕಲಿತಳು. ಓಣಿಯ ಮಗ್ಗಗಳಿಗೆಲ್ಲ ಅವಳೇ ಬೇಕು ಎನ್ನುವಂತಾಯಿತು.

ಒಮ್ಮೆ ಬಾದಾಮಿಯಲ್ಲಿ ನೆಂಟರ ಮದುವೆಗೆ ಹೋಗಿದ್ದೆವು. ಊಟವಾದ ಮೇಲೆ ಎಲ್ಲರೂ ಗುಹೆ ನೋಡಲು ಹೊರಟರು. ಅಕ್ಕ ಮೆಟ್ಟಿಲು ಹತ್ತಲಾಗದೆ ಅವ್ವನ ಜೊತೆ ಕೆಳಗೆ ಹೊಂಡದ ದಂಡೆಯಲ್ಲೇ ಕೂತಳು. ಅಪ್ಪ ನನ್ನೊಂದಿಗೆ ಅರ್ಧ ಹತ್ತಿ ನಿಂತುಬಿಟ್ಟ. ಮಂದಿ ಮೇಲೆ ಹೋಗಿ ಮೂರ್ತಿಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಇವನು ಮೆಟ್ಟಿಲ ಮೇಲೆ ಕೂತು ಅಂಗೈಯಿಂದ ಕಲ್ಲು ಸವರುತ್ತಿದ್ದ.

"ಮೂರ್ತಿ ನುಣಪ ಮಾಡ್ಯಾರ," ಅಂದ. "ಕಾಲಿಡೂ ಜಾಗಾ ಒರಟ ಬಿಟ್ಟಾರ. ಉಳಿ ಗುರ್ತು ಹಂಗಽ ಐತಿ ನೋಡು."

ಮ್ಯಾಲೆ ಹೋಗೂಣ ನಡಿ ಅಪ್ಪಾ, ಅಂದೆ. ಅವನು ಬರಲಿಲ್ಲ.

ಇಳಕಲ್ಲಿಗೆ ಬಂದವನೇ ಉಳಿ ಸುತ್ತಿಗೆ ಹಿಡಿದು ಶಾಲೆಯ ಅಂಕಣಕ್ಕೆ ಹೋದ. ಬೀಸುಕಲ್ಲು ಸವೆದಾಗ ಉಳಿಯಿಂದ ಸಣ್ಣ ಸಣ್ಣ ಗುಂಡಿ ಕೊರೆದು ಮುಳ್ಳು ಹೊಡೆಯುತ್ತಾರಲ್ಲ, ಹಾಗೆ ತಾನೇ ತಿಕ್ಕಿ ಹೊಳೆಯಿಸಿದ ನೆಲಕ್ಕೆಲ್ಲ ಮುಳ್ಳು ಹೊಡೆಯತೊಡಗಿದ. ದಿನವೂ ಸಂಜೆ ಮೊಣಕಾಲೂರಿ ಕೂತು ಟಕ್ ಟಕ್ ಎಂದು ಸ್ವಲ್ಪ ಸ್ವಲ್ಪವೇ ಕೆಡಿಸುತ್ತ ಹೋದ. ಮಳೆಗಾಲ ಬಂದು ಹೋಯಿತು, ಚಳಿಗಾಲವೂ ಹೋಯಿತು. ಕೆಲಸ ಮುಗಿದ ದಿನ ಉಳಿಯನ್ನು ಒರೆಸಿ ಚೀಲದಲ್ಲಿ ಹಾಕಿಕೊಂಡು ಬಂದ. ಆಮೇಲೆ ಆ ಅಂಕಣದ ಕಡೆ ಕಾಲಿಡಲಿಲ್ಲ, ಯಾವ ಆಟವನ್ನೂ ನೋಡಲಿಲ್ಲ.

ಆ ನೆಲದಲ್ಲಿ ನಾನು ಆಡಲು ಕಲಿತೆ. ಅಲ್ಲಿ ಚೆಂಡು ಹೇಳಿದ ಕಡೆ ಪುಟಿಯುತ್ತಿರಲಿಲ್ಲ, ಉಳಿಯ ಗುಂಡಿಗೆ ತಾಗಿ ಅಡ್ಡಾದಿಡ್ಡಿ ಹಾರುತ್ತಿತ್ತು. ಹೀಗಾಗಿ ಚೆಂಡನ್ನು ನೆಲದ ಹತ್ತಿರವೇ ಇಟ್ಟುಕೊಳ್ಳುವುದು, ಸಣ್ಣ ಹೆಜ್ಜೆ ಹಾಕುವುದು ನನಗೆ ರೂಢಿಯಾಯಿತು. ಕಲಿಸಿದವಳು ಅಕ್ಕ. ಅಂಚಿನಲ್ಲಿ ಕಾಲು ಚಾಚಿ ಕೂತು, "ಏ ಎಮ್ಮೀ, ಚೆಂಡಿನ ಮ್ಯಾಲೆ ಕಣ್ಣಿಡಬೇ, ಬಾಯಿ ಆಮ್ಯಾಲೆ ತೆರಿ" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗುತ್ತಿದ್ದಳು. ಅವಳಿಗಿದ್ದ ಕೈಚಳಕ ನನಗಿರಲಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ನನಗಿದ್ದದ್ದು ಹಟ. ಎದುರಿನವಳು ಚೆಂಡು ಹಿಡಿದು ಬಂದರೆ ಜಿಗಣೆಯಂತೆ ಅಂಟಿಕೊಳ್ಳುತ್ತಿದ್ದೆ. ಆ ಹಟ ನನ್ನನ್ನು ಬಾಗಲಕೋಟೆಯ ಕ್ರೀಡಾ ವಸತಿನಿಲಯಕ್ಕೆ, ಅಲ್ಲಿಂದ ರಾಜ್ಯದ ತಂಡಕ್ಕೆ, ಕೊನೆಗೆ ದೇಶದ ತಂಡದ ಕೊಟ್ಟಕೊನೆಯ ಜಾಗಕ್ಕೆ ಎಳೆದುಕೊಂಡು ಹೋಯಿತು. ಏಷ್ಯಾದ ದೊಡ್ಡ ದೊಡ್ಡ ತಂಡಗಳೆಲ್ಲ ಸೇರುವ ಮಹಿಳೆಯರ ಪಂದ್ಯಾವಳಿ. ಸಮುದ್ರದಾಚೆಯ ಒಂದು ಊರಿನಲ್ಲಿ.

ಹೊರಡುವ ದಿನ ಮನೆಯಲ್ಲಿ ಅಕ್ಕ ನನ್ನ ಚೀಲ ತುಂಬುತ್ತಿದ್ದಳು. ಅಪ್ಪ ಹೊರಗೆ ಚಾಚಾ ಕಳಿಸಿದ ಗಾಡಿಯವನ ಜೊತೆ ಮಾತಾಡುತ್ತಿದ್ದ. ಅವಳು ದನಿ ತಗ್ಗಿಸಿ ಹೇಳಿದಳು:

"ಒಂದು ಮಾತು ಕೇಳು. ನೀ ಆಡೂದನ್ನ ಅಪ್ಪ ನೋಡ್ಬೇಕು. ನಾ ನೋಡಸ್ತೇನಿ. ಚಾಚಾನ ಫೋನಿನ್ಯಾಗ ಬರತೈತಂತ."

"ಅವ ಎಲ್ಲಿ ನೋಡ್ತಾನ ಬೇ?"

"ನೋಡ್ತಾನ. ಮಗಳು ಓಡ್ಯಾಡೂದನ್ನ ಒಮ್ಮೆ ಕಣ್ಣು ಬಿಟ್ಟು ನೋಡಿದ್ನಂದ್ರ, ನನ್ನೂ ನೋಡ್ತಾನ. ನನಗ ಬ್ಯಾರೆ ಏನೂ ಬ್ಯಾಡ. ನಾ ಎದ್ದು ನಡದ್ರ ಅವ ಮಾರಿ ತಿರುಗಿಸ್ತಾನಲ್ಲ, ಅದೊಂದು ನಿಲ್ಲಬೇಕು ನೋಡು." ಚೀಲದ ಜಿಪ್ಪು ಎಳೆದು ಮತ್ತೆ ಹೇಳಿದಳು: "ನೀ ಮಾತ್ರ ಬೀಳಬ್ಯಾಡ."

ಪದಕ ತಾ ಅನ್ನಲಿಲ್ಲ. ಬೀಳಬ್ಯಾಡ ಅಂದಳು. ಆಗಲಿ ಅಂದೆ. ಅಂದುಬಿಟ್ಟೆ, ಆದರೆ ಹನ್ನೆರಡು ಮಂದಿಯಲ್ಲಿ ಹನ್ನೆರಡನೆಯವಳಿಗೆ ಬೀಳುವುದಿರಲಿ, ನಿಲ್ಲುವುದಕ್ಕೂ ಅವಕಾಶ ಸಿಗುತ್ತದೆಯೋ ಇಲ್ಲವೋ ಯಾರಿಗೆ ಗೊತ್ತಿತ್ತು.

ಮೊದಲ ದಿನ ಆ ಊರಿನ ಕ್ರೀಡಾಂಗಣದೊಳಗೆ ಕಾಲಿಟ್ಟಾಗ ಎಲ್ಲರೂ ತಲೆ ಎತ್ತಿ ದೀಪಗಳನ್ನು, ಆಸನಗಳ ಸಾಲನ್ನು ನೋಡಿದರು. ನಾನು ಬಗ್ಗಿ ನೆಲ ಮುಟ್ಟಿದೆ. ಜಾರುತ್ತದೆಯೇ ಎಂದು ಅಂಗೈಯಿಂದ ಸವರಿ ನೋಡಿದೆ. ಕಟ್ಟಿಗೆಯ ನೆಲ, ಹದವಾಗಿತ್ತು. ಹಿಂದೆ ಬರುತ್ತಿದ್ದ ನಮ್ಮ ನಾಯಕಿ ನಾನು ನಮಸ್ಕಾರ ಮಾಡಿದೆ ಎಂದು ತಿಳಿದು ತಾನೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳನ್ನು ನೋಡಿ ಉಳಿದವರೂ ಮುಟ್ಟಿದರು. ಅಲ್ಲಿಂದ ಪ್ರತಿ ಪಂದ್ಯಕ್ಕೂ ಅದೇ ತಂಡದ ಪದ್ಧತಿಯಾಯಿತು. ನಾನು ನಿಜ ಹೇಳಲು ಹೋಗಲಿಲ್ಲ. ನಡು ವೃತ್ತದಲ್ಲಿ ಮಾತ್ರ ಯಾವುದೋ ಜಾಹೀರಾತಿನ ದೊಡ್ಡ ಹಾಳೆ ಅಂಟಿಸಿದ್ದರು. ಅದು ನುಣ್ಣಗಿತ್ತು. ಬೆವರು ಬಿದ್ದರೆ ಜಾರುತ್ತದೆ ಎಂದು ನನ್ನ ಹರಕುಮುರುಕು ಹಿಂದಿಯಲ್ಲಿ ಕೋಚ್‌ಗೆ ಹೇಳಿದೆ. ಎರಡೂ ತಂಡದವರು ಅದೇ ನೆಲದ ಮೇಲೆ ಆಡುತ್ತಾರೆ, ನೀನು ನಿನ್ನ ಆಟ ನೋಡಿಕೋ ಅಂದರು. ನನ್ನ ಆಟವೆಂದರೆ ಕುರ್ಚಿಯ ಮೇಲೆ ಕೂರುವುದು. ಅದನ್ನು ಚೆನ್ನಾಗಿಯೇ ಮಾಡಿದೆ.

ಮೊದಲ ಪಂದ್ಯದಲ್ಲಿ ನಮ್ಮನ್ನು ನುಚ್ಚುನೂರು ಮಾಡಿದರು. ಎದುರು ತಂಡದ ಹುಡುಗಿಯರ ಭುಜ ನಮ್ಮವರ ತಲೆಗೆ ಬರುತ್ತಿತ್ತು. ಎರಡನೆಯ ಪಂದ್ಯದಲ್ಲಿ ಅರ್ಧದವರೆಗೆ ಸಮಸಮ ಬಂದೆವು, ಆಮೇಲೆ ನಮ್ಮ ಕಾಲು ಸೋತವು. ಮೂರನೆಯದರಲ್ಲಿ ಗೆಲ್ಲಬಹುದಿತ್ತು ಎಂದು ಈಗಲೂ ವಾದ ಮಾಡುತ್ತೇನೆ. ನಾಯಕಿ ಒಬ್ಬಳೇ ಎಷ್ಟು ಎಳೆದಾಳು? ಅವಳಿಗೆ ಅದೇ ಕೊನೆಯ ಪಂದ್ಯಾವಳಿ. ಎರಡೂ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಆಡುತ್ತಿದ್ದಳು, ಮುಗಿದ ಮೇಲೆ ಮೆಟ್ಟಿಲು ಇಳಿಯಲು ನನ್ನ ಹೆಗಲು ಹಿಡಿಯುತ್ತಿದ್ದಳು. ನಾಲ್ಕನೆಯದನ್ನೂ ಸೋತೆವು. ಆಡದೆ ಸೋತವರ ಸಂಕಟ ಇನ್ನೊಂದು ತರಹದ್ದು. ಮೈಯಲ್ಲಿ ದಣಿವಿಲ್ಲ, ಬೆವರಿಲ್ಲ, ಅಳಲು ಹಕ್ಕೂ ಇಲ್ಲದ ಹಾಗೆ ಅನ್ನಿಸುತ್ತದೆ. ಕೋಚ್ ಮೇಲೆ ನನಗೆ ಬಂದ ಸಿಟ್ಟನ್ನು ಬಾಯಿಬಿಟ್ಟು ಆಡಿದ್ದರೆ ಮೊದಲ ವಿಮಾನಕ್ಕೇ ಮನೆಗೆ ಕಳಿಸುತ್ತಿದ್ದರು.

ದಿನವೂ ಫೋನು ಮಾಡುತ್ತಿದ್ದೆ. ಅಪ್ಪನದು ಒಂದೇ ಪ್ರಶ್ನೆ.

"ಅಲ್ಲಿ ಬೂಟು ಹಾಕ್ಕೊಂಡಽ ಆಡ್ತೀರಿ, ಹೌದಿಲ್ಲೊ?"

"ಹೂಂ ಅಪ್ಪಾ."

"ಬಿಚ್ಚು ಅಂತ ಯಾರರ ಅಂದ್ರ?"

"ಯಾರೂ ಅನ್ನೂದಿಲ್ಲಪಾ."

"ಅಂದ್ರೂ ಬಿಚ್ಚಬ್ಯಾಡ."

ಮೊದಲ ದಿನ ನಗು ಬಂದಿತ್ತು. ನಾಲ್ಕನೆಯ ದಿನ ಅದೇ ಮಾತು ಕೇಳಿದಾಗ ಹೋಟೆಲಿನ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಸಂಗಡಿಗರು ಸೋಲಿಗೆ ಅಳುತ್ತಿದ್ದಾಳೆ ಎಂದುಕೊಂಡರು.

ಘಟಕದಲ್ಲಿ ಏನು ನಡೆಯುತ್ತಿದೆ ಎಂದು ಅಕ್ಕ ಹೇಳುತ್ತಿದ್ದಳು. ನಮ್ಮ ಪಂದ್ಯಗಳು ಆ ಊರಿನ ಮಧ್ಯಾಹ್ನಕ್ಕೆ, ಅಂದರೆ ಇಳಕಲ್ಲಿನ ಬೆಳಗಿನ ಹೊತ್ತಿಗೆ. ಚಾಚಾ ಫೋನನ್ನು ಒಂದು ಕಲ್ಲಿಗೆ ಆನಿಸಿ ನಿಲ್ಲಿಸುತ್ತಿದ್ದರು. ಅಕ್ಕ, ಅವ್ವ ಎದುರಿಗೆ ಕೂರುತ್ತಿದ್ದರು. ಅಪ್ಪ ಮಾತ್ರ ಮಷೀನು ಬಿಟ್ಟು ಬರುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಅಲ್ಲಿಂದಲೇ, "ಬಿದ್ಲೇನು?" ಎಂದು ಕೂಗುತ್ತಿದ್ದ. "ಇಲ್ಲಪಾ, ಕುಂತಾಳ," ಎಂದು ಅಕ್ಕ ಕೂಗುತ್ತಿದ್ದಳು. "ಕುಂತಿದ್ರ ಛಲೋ," ಅನ್ನುತ್ತಿದ್ದನಂತೆ. ಇಡೀ ದೇಶದಲ್ಲಿ ನನ್ನನ್ನು ಆಡಿಸದ ಕೋಚ್‌ಗೆ ಮನಸಾರೆ ಒಳ್ಳೆಯದು ಬಯಸಿದವನು ನಮ್ಮಪ್ಪ ಒಬ್ಬನೇ.

ಉಳಿದದ್ದು ಕೊನೆಯ ಪಂದ್ಯ. ಗೆದ್ದವರು ಮೇಲಿನ ಗುಂಪಿನಲ್ಲಿ ಉಳಿಯುತ್ತಾರೆ, ಸೋತವರು ಕೆಳಗಿನ ಗುಂಪಿಗೆ ಇಳಿಯುತ್ತಾರೆ. ಹಿಂದಿನ ತಂಡದವರು ವರ್ಷಗಟ್ಟಲೆ ಒದ್ದಾಡಿ ಹತ್ತಿಬಂದ ಮೆಟ್ಟಿಲು ಅದು, ಇಳಿದರೆ ಮತ್ತೆ ಮೊದಲಿನಿಂದ ಹತ್ತಬೇಕು. ಆ ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿ, ಇವತ್ತೂ ಕೂರೂದಽ ಆದ್ರ ನಾ ಏನು ಮಾಡ್ಲಿ, ಅಂದೆ. ಅವಳು, "ಬೂಟಿನ ದಾರ ಬಿಗಿದು ಕಟ್ಕೊಂಡು ಕೂರು" ಅಂದಳು.

ಹಾಗೆಯೇ ಕೂತೆ. ನಾಲ್ಕು ಪಾಳಿಯ ಆಟದಲ್ಲಿ ಮೂರು ಮುಗಿಯುವವರೆಗೆ ಅವರು ಒಂದು ಬುಟ್ಟಿ ಹಾಕಿದರೆ ನಾವೊಂದು. ಕೊನೆಯ ಪಾಳಿಯಲ್ಲಿ ನಮ್ಮ ಚೆಂಡು ಒಯ್ಯುವ ಹುಡುಗಿ ಐದನೆಯ ಫೌಲ್ ಮಾಡಿ, ನಿಯಮದಂತೆ ಆಟ ಬಿಟ್ಟು ಹೊರಗೆ ಬಂದಳು. ಅವಳ ಬದಲಿಗೆ ಹೋದವಳ ಪಾದ ಹೊರಳಿತು. ಕೋಚ್ ಸಾಲಾಗಿ ಕೂತವರನ್ನು ನೋಡುತ್ತ ನೋಡುತ್ತ ಕೊನೆಗೆ ನನ್ನ ಹತ್ತಿರ ಬಂದರು. ಎದುರಿನ ತಂಡದಲ್ಲಿ ಮಿಂಚಿನಂತೆ ಓಡುವ ಒಬ್ಬಳಿದ್ದಳು, ನಮ್ಮವರನ್ನೆಲ್ಲ ಅವಳೇ ಒಡೆದುಹಾಕಿದ್ದಳು. ಅವಳನ್ನು ಬಿಡಬೇಡ, ಬೇರೆ ಏನೂ ಮಾಡಬೇಡ, ಅಂದರು.

ಇಳಕಲ್ಲಿನಲ್ಲಿ ಅಕ್ಕ, "ಅಪ್ಪಾ, ಎದ್ಲು! ಒಳಗ ಬಂದ್ಲು!" ಎಂದು ಕೂಗಿದಳಂತೆ. ಚಾಚಾ ತಾವೇ ಹೋಗಿ ಮಷೀನು ಬಂದ್ ಮಾಡಿದರು. ಹಗಲಿಡೀ ಕಿರುಗುಡುವ ಆ ಶೆಡ್ಡಿನಲ್ಲಿ ಸದ್ದು ನಿಂತಿತು. ಅಲ್ಲೇ ನಿಲ್ಲಲು ಬೇರೆ ನೆಪವಿಲ್ಲದೆ ಅಪ್ಪ ಕೈ ಒರೆಸಿಕೊಂಡು ಫೋನಿನ ಮುಂದೆ ಬಂದ. ಕೂರಲಿಲ್ಲ, ಅವ್ವನ ಹಿಂದೆ ನಿಂತ.

ನಾನು ಬಗ್ಗಿ ನೆಲ ಮುಟ್ಟಿ ಒಳಗೆ ಹೋದೆ. ಆ ಹುಡುಗಿಗೆ ಅಂಟಿಕೊಂಡೆ. ಅವಳು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ, ಸಣ್ಣ ಸಣ್ಣ ಹೆಜ್ಜೆ. ಅವಳು ಎರಡು ಸಲ ಚೆಂಡು ಬೇರೆಯವರಿಗೆ ಕೊಟ್ಟುಬಿಟ್ಟಳು. ಮೂರನೆಯ ಸಲ ಅವಳ ಕೈಯಿಂದ ಚೆಂಡು ತಟ್ಟಿ ಕಿತ್ತುಕೊಂಡೆ. ಮುಂದೆ ಯಾರೂ ಇರಲಿಲ್ಲ, ಅಂಕಣದ ಆ ತುದಿಯಲ್ಲಿ ಬುಟ್ಟಿ ಮಾತ್ರ. ಬೇರೆ ಏನೂ ಮಾಡಬೇಡ ಎಂದು ಹೇಳಿದ್ದು ಮರೆತುಹೋಯಿತು. ಓಡಿದೆ. ನನ್ನ ಜೀವನದಲ್ಲಿ ಅಷ್ಟು ಉದ್ದದ ಹೆಜ್ಜೆ ನಾನು ಯಾವತ್ತೂ ಹಾಕಿರಲಿಲ್ಲ. ನಡು ವೃತ್ತದ ಆ ಹಾಳೆಯ ಮೇಲೆ ಯಾರದೋ ಬೆವರು ಬಿದ್ದಿತ್ತು. ಬಲಗಾಲು ಮುಂದೆ ಹೋಯಿತು, ಹೋಗುತ್ತಲೇ ಇತ್ತು.

ಬೋರಲು ಬಿದ್ದೆ. ಮೊಣಕಾಲು ನೆಲಕ್ಕೆ ಬಡಿದ ನೋವಿಗೆ ಕಣ್ಣು ಕತ್ತಲಾಯಿತು. ಚೆಂಡು ಅವರ ಕೈಗೆ ಹೋಗಿ, ಜನ ಕೂಗಿ, ಬುಟ್ಟಿ ಬಿದ್ದದ್ದು ಕಿವಿಗೆ ಕೇಳಿತು. ಅಕ್ಕನ ಬಲಗಾಲು, ನನ್ನ ಬಲಗಾಲು. ಬೀಳಬ್ಯಾಡ ಅಂದಿದ್ದಳು, ಅದೊಂದೇ ಮಾತು ಕೇಳಿದ್ದಳು, ಅದನ್ನೂ ನಡೆಸಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಪ್ಪ ನೋಡಿದನೋ ಏನೋ. ಹೆದರುತ್ತ ಕಾಲು ಮಡಚಿದೆ. ಮಡಚಿತು. ಮತ್ತೊಮ್ಮೆ ಮಡಚಿ ನೋಡಿ ಎದ್ದು, ನಾನು ಕಾಯಬೇಕಿದ್ದ ಹುಡುಗಿಯ ಕಡೆ ಓಡಿದೆ.

ಅಪ್ಪ ನೋಡಿದ್ದ. ಆಮೇಲಿನದನ್ನು ನನಗೆ ಅಕ್ಕ ಹೇಳಿದಳು, ಅವ್ವನೂ ಹೇಳಿದಳು. ಇಬ್ಬರ ಮಾತೂ ಒಂದೇ ಆದದ್ದು ನಮ್ಮ ಮನೆಯಲ್ಲಿ ಅಪರೂಪ, ಆದ್ದರಿಂದ ನಂಬಿದ್ದೇನೆ.

ನಾನು ಬಿದ್ದ ಕ್ಷಣಕ್ಕೇ ನೆಟ್‌ವರ್ಕ್ ಹೋಗಿ ಫೋನಿನಲ್ಲಿ ಚಿತ್ರ ನಿಂತುಬಿಟ್ಟಿತು. ನಾನು ಬೋರಲು ಬಿದ್ದಿದ್ದೇನೆ, ಕಾಲು ಸೊಟ್ಟಗೆ ಹೊರಳಿದೆ, ಅಲ್ಲಾಡುವುದಿಲ್ಲ. ಚಾಚಾ ಫೋನು ಎತ್ತಿ ತಟ್ಟಿದರು, ಎತ್ತರಕ್ಕೆ ಹಿಡಿದರು. ಚಿತ್ರ ಹಾಗೆಯೇ ಇತ್ತು. ಅಪ್ಪ ತಿರುಗಿ ಬಾಗಿಲ ಕಡೆ ನಡೆದ. ಅಕ್ಕ ಎದ್ದಳು. ಅಲ್ಲಿ ಹಿಡಿಯಲು ಗೋಡೆ ಇರಲಿಲ್ಲ, ನೆಲದಲ್ಲಿ ಕಲ್ಲಿನ ರಾಡಿ. ಅವ್ವ ಹಿಡಿಯಲು ಹೋದರೆ ಕೈ ಕೊಡವಿ, ಮಷೀನುಗಳ ನಡುವೆ ಕಾಲು ಎಳೆಯುತ್ತ ಹೋಗಿ ಬಾಗಿಲಲ್ಲಿ ಅಪ್ಪನಿಗೆ ಅಡ್ಡ ನಿಂತಳು.

"ಎಲ್ಲಿಗಿ ಹೊಂಟಿ?"

"ಮಷೀನಿನ ನೀರು ಬಂದ್ ಮಾಡಿ ಬರ್ತೇನಿ."

"ನೀರು ಬಂದ್ ಐತಿ. ನನ್ನ ನೋಡು." ಅಪ್ಪ ನೆಲ ನೋಡುತ್ತಿದ್ದ. "ಅಪ್ಪಾ, ನನ್ನ ನೋಡು ಅಂದೆ. ಅಕಿ ಬಿದ್ದಾಳ, ಏಳ್ತಾಳ. ನಾನೂ ಬಿದ್ದಿದ್ದೆ, ಎದ್ದೇನಿ. ಆವಾಗಽ ಎದ್ದೇನಿ. ನೀನಽ ನೋಡಿಲ್ಲ."

ಅಪ್ಪ ತಲೆ ಎತ್ತಿದ. ಅಷ್ಟು ವರ್ಷ ಒಳಗಿಟ್ಟುಕೊಂಡಿದ್ದ ಮಾತು ಆಗ ಹೊರಗೆ ಬಂತು.

"ಬೂಟು ಬಿಚ್ಚು ಅಂತ ನಾ ಅಂದೆ ಯವ್ವಾ."

"ಹೂಂ, ನೀನಽ ಅಂದಿ. ನಾ ಬಿಚ್ಚಿದೆ. ಆತು, ಮುಗೀತು. ಈಗ ಆ ಹುಡುಗಿ ಎದ್ಲೋ ಇಲ್ಲೋ ನೋಡೂಣ ಬಾ."

ಅಷ್ಟರಲ್ಲಿ ಚಾಚಾ ಹಿಂದಿನಿಂದ ಕೂಗಿದರು: "ಎದ್ದಾಳ ನೋಡ್ರಿ! ಓಡಾಕತ್ತಾಳ!"

ಅಕ್ಕ ತಿರುಗಿ ಅದೇ ರಾಡಿಯಲ್ಲಿ ನಡೆದು ಬಂದಳು. ಅಪ್ಪ ಅವಳ ಹಿಂದೆ ಬಂದ. ಪಂದ್ಯ ಮುಗಿಯುವವರೆಗೆ ಅವಳ ಪಕ್ಕದಲ್ಲಿ ಕೂತು ನೋಡಿದ. ಆಟದ ನಿಯಮ ಒಂದೂ ಗೊತ್ತಿಲ್ಲ, ಎದುರಿನವರು ಬುಟ್ಟಿ ಹಾಕಿದಾಗಲೂ ಚಪ್ಪಾಳೆ ತಟ್ಟಿದನಂತೆ.

ನಾವು ಒಂದೇ ಒಂದು ಬುಟ್ಟಿಯಿಂದ ಸೋತೆವು. ನಾನು ಬಿದ್ದಾಗ ಅವರು ಹಾಕಿದ್ದೂ ಒಂದು ಬುಟ್ಟಿಯೇ. ಲೆಕ್ಕ ನನಗೆ ಬರುತ್ತದೆ. ತಂಡ ಕೆಳಗಿನ ಗುಂಪಿಗೆ ಇಳಿಯಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೂ ನನ್ನನ್ನು ಏನೂ ಅನ್ನಲಿಲ್ಲ. ನಾಯಕಿ ತನ್ನ ಮೊಣಕಾಲಿಗೆ ತಂದ ಮಂಜುಗಡ್ಡೆಯ ಚೀಲವನ್ನು ನನ್ನ ಮೊಣಕಾಲಿನ ಮೇಲೆ ಇಟ್ಟು, ಪಕ್ಕದಲ್ಲಿ ಕೂತು ಅತ್ತಳು. ನಾನೂ ಅತ್ತೆ. ಆ ಸಲ ಸೋಲಿಗೇ ಅತ್ತೆ, ಹಕ್ಕಿನಿಂದ ಅತ್ತೆ. ಆ ಬುಟ್ಟಿ ಈಗಲೂ ಎದೆಯಲ್ಲಿ ಕೂತಿದೆ. ಮನೆಯಲ್ಲಿ ಏನು ಒಳ್ಳೆಯದಾಯಿತೋ ಅದರಿಂದ ಅದು ಕರಗಿಲ್ಲ, ಕರಗಲಿ ಎಂಬ ಆಸೆಯೂ ನನಗಿಲ್ಲ.

ಆ ದಿನ ಫೋನು ಮಾಡಿದಾಗ ಅಪ್ಪ ಬೂಟಿನ ಮಾತೆತ್ತಲಿಲ್ಲ. "ಮೊಣಕಾಲು ಬಾತೈತೇನು?" ಎಂದು ಕೇಳಿದ. ತುಸು, ಅಂದೆ. "ಅರಿಷಿಣ ಹಚ್ಚು" ಎಂದು ಹೇಳಿ ಇಟ್ಟುಬಿಟ್ಟ. ಘಟಕದಲ್ಲಿ ನಡೆದದ್ದು ನನಗೆ ಆಗಿನ್ನೂ ಗೊತ್ತಿರಲಿಲ್ಲ. ಅಕ್ಕ, ಬಂದ ಮ್ಯಾಲೆ ಹೇಳ್ತೇನಿ, ಅಂದಿದ್ದಳು. ಬೈಯುವುದಕ್ಕೇ ಇರಬೇಕು ಎಂದುಕೊಂಡಿದ್ದೆ.

ಬಾಗಲಕೋಟೆಯಿಂದ ಇಳಕಲ್ಲಿನ ಬಸ್ಸು ಹಿಡಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಬರಿಗೈಲಿ ಹೋಗಬಾರದೆಂದು ಕರದಂಟು ಕೊಂಡೆ. ಹುನಗುಂದ ದಾಟಿತು. ಬಿದ್ದು ಬಂದಿದ್ದೇನೆ, ಅಕ್ಕನಿಗೆ ಯಾವ ಮುಖ ತೋರಿಸಲಿ ಎಂದು ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಂದಿಯ ನಡುವೆ ಅಪ್ಪ ಅಕ್ಕ ಇಬ್ಬರೂ ಆ ತುದಿಯಲ್ಲಿ ಕಂಡರು. ನನ್ನನ್ನು ನೋಡಿ ಅಕ್ಕ ಕೈ ಎತ್ತಿದಳು, ಬಸ್ಸುಗಳನ್ನು ಬಳಸಿಕೊಂಡು ಕುಂಟುತ್ತ ಬರತೊಡಗಿದಳು. ಅಪ್ಪ ಮುಂದಿರಲಿಲ್ಲ. ಅಪ್ಪ ಎಲ್ಲಿ ಹೋದ ಎಂದು ಹುಡುಕಿದೆ. ಅವನು ಅವಳ ಹಿಂದೆ, ಅವಳ ಹೆಜ್ಜೆಗೆ ಹೆಜ್ಜೆ ನಿಧಾನ ಮಾಡುತ್ತ, ಅವಳ ಕಾಲನ್ನೇ ನೋಡುತ್ತ ಬರುತ್ತಿದ್ದ.

"ಸಾವಕಾಶ ಯವ್ವಾ, ಮುಂದ ತೆಗ್ಗು ಐತಿ," ಅಂದ.

"ನನಗೂ ಕಣ್ಣದಾವ," ಅಂದಳು ಅಕ್ಕ, ತಿರುಗಿ ನೋಡದೆ.

ಅವಳು ತಗ್ಗು ಬಳಸಿ ದಾಟುವವರೆಗೂ ಅವನು ಕಣ್ಣು ತೆಗೆಯಲಿಲ್ಲ. ನಾನು ಚೀಲ ಕೆಳಗಿಟ್ಟು ಅಲ್ಲೇ ನಿಂತೆ.